ತಪ್ಪು–ಒಪ್ಪು ಚೀಟಿ ಅಂಟಿಸುತ್ತಿದ್ದ ಕಾಲ

ರಾಯಚೂರಿನಲ್ಲಿ ನನ್ನ ಪುಸ್ತಕಗಳನ್ನೆಲ್ಲ ಪ್ರಕಟಿಸಿದವರನ್ನು ನಾನು ಕಾಕಾ ಎಂದೇ ಕರೆಯುವುದು. ರಕ್ತಸಂಬಂಧವೇನಿಲ್ಲ. ಅವರ ಮನೆಯ ಮುಂದಿನ ಕೋಣೆಯೇ ಪ್ರಕಾಶನ, ಅದೇ ಅಂಗಡಿ, ಅದೇ ಗೋದಾಮು. ಶಾಲೆ ಬಿಟ್ಟ ಮೇಲೆ ನಾನು ನೇರ ಅಲ್ಲಿಗೆ ಹೋಗುತ್ತಿದ್ದೆ. ಶಾಲೆಯಲ್ಲಿ ನಾನು ಟೀಚರು, ಅಲ್ಲಿ ಮಾತ್ರ ಬೈಸಿಕೊಳ್ಳುವ ವಿದ್ಯಾರ್ಥಿನಿ.

ಪುಸ್ತಕ ಅಚ್ಚಾಗಿ ಬಂದ ದಿನ ನಮಗೆ ಖುಷಿಗಿಂತ ಪುಕುಪುಕು ಹೆಚ್ಚು. ಪ್ರೂಫ್ ಓದುವಾಗ ಇಬ್ಬರ ಕಣ್ಣಿಗೂ ಬೀಳದ ತಪ್ಪುಗಳು ಆವತ್ತು ಹಲ್ಲು ಕಿರಿದುಕೊಂಡು ಎದುರಿಗೆ ನಿಲ್ಲುತ್ತಿದ್ದವು. ನನ್ನ ಮೊದಲ ಕಥಾಸಂಕಲನದಲ್ಲಿ ಒಬ್ಬ ಮುದುಕ ಒಂದು ಪುಟದಲ್ಲಿ ಸತ್ತು ಮುಂದಿನ ಪುಟದಲ್ಲಿ ಚಹಾ ಕುಡಿಯುತ್ತಾನೆ. ತಪ್ಪು ನನ್ನದೇ. ಆದರೂ ನಾನು ಅಚ್ಚಿನ ಮೊಳೆ ಜೋಡಿಸುವ ಕಂಪೋಸಿಟರನ ಮೇಲೆ ಕೂಗಾಡಿದೆ. ಕಾಕಾ ನಕ್ಕು, ‘ಸತ್ತಾವ ಚಾ ಕುಡದ್ರ ಕುಡೀಲಿ ಬಿಡು, ಚೀಟಿ ಹಚ್ಚೂಣು’ ಎಂದರು.

ಆ ಚೀಟಿಯೇ ತಪ್ಪು–ಒಪ್ಪು. ಎಡಕ್ಕೆ ತಪ್ಪು, ಬಲಕ್ಕೆ ಒಪ್ಪು, ಬೆರಳುದ್ದದ ಕಾಗದ. ಕಾಕಿ ಒಲೆಯ ಮೇಲೆ ಮೈದಾ ಅಂಟು ಕಾಯಿಸಿ ತರುತ್ತಿದ್ದರು. ಚಾಪೆ ಹಾಸಿ, ಕಾಕಾ ಕತ್ತರಿಸುವುದು, ನಾನು ಅಂಟು ಸವರುವುದು, ಕಾಕಿ ಪುಸ್ತಕದ ಒಳಗೆ ಒತ್ತಿ ಕೂರಿಸುವುದು. ಚೀಟಿ ಹಚ್ಚದ ಒಂದು ಪ್ರತಿಯೂ ಹೊಸ್ತಿಲು ದಾಟಬಾರದು ಎಂಬುದು ಕಾಕಾನ ಹಟ. ಎಲ್ಲ ಮುಗಿಯುವ ಹೊತ್ತಿಗೆ ನಮ್ಮ ಬೆರಳುಗಳು ಒಂದಕ್ಕೊಂದು ಅಂಟಿರುತ್ತಿದ್ದವು. ಊಟಕ್ಕೆ ಕೂತರೆ ರೊಟ್ಟಿಗೂ ಮೈದಾ ವಾಸನೆ. ಬದುಕಿನಲ್ಲಿ ಅಷ್ಟು ಹರಟೆ ನಾನು ಇನ್ನೆಲ್ಲೂ ಹೊಡೆದಿಲ್ಲ, ಅಷ್ಟು ನಕ್ಕಿಲ್ಲ. ಆ ಸಂಜೆಗಳು ನನಗೆ ಈಗಲೂ ಬೇಕು ಅನಿಸುತ್ತದೆ.

ಆಮೇಲೆ ಬಂಡಲ್ ಕಟ್ಟಿ ಬಸ್ಸಿಗೆ ಏರಿಸುವುದು. ಮಾನ್ವಿಯಲ್ಲಿ ಒಂದಿಷ್ಟು ಇಳಿಸಿ, ದೇವದುರ್ಗಕ್ಕೆ ಒಂದಿಷ್ಟು. ಯಾವುದಾದರೂ ಕಾರ್ಯಕ್ರಮವಿದ್ದರೆ ಬಾಗಿಲ ಬಳಿ ಟೇಬಲ್ ಹಾಕಿಕೊಂಡು ಕಾಕಾ ಕೂರುತ್ತಿದ್ದರು. ಪುಸ್ತಕ ತಿರುವಿ ಹಾಕಿ ಸುಮ್ಮನೆ ಹೋಗುವವರನ್ನೂ ‘ಬರ್ರಿ, ಕುಂದರ್ರಿ’ ಅಂತ ಮಾತಾಡಿಸುವ ಮನುಷ್ಯ. ನನಗೋ ಅಂಥವರನ್ನು ಕಂಡರೆ ಮೈಯೆಲ್ಲ ಉರಿ.

ಕಂಪ್ಯೂಟರ್ ಬಂದಾಗ ಕಾಕಾ ಹೆದರಲಿಲ್ಲ, ಡಿಟಿಪಿ ಮಾಡಿಸಿದರು. ಪುಸ್ತಕ ಫೋನಿನೊಳಗೆ ಹೋದಾಗ ಮಾತ್ರ ಅವರ ಕೈ ಸೋತಿತು. ಮೊದಲು ಬಂಡಲ್ ತರಿಸಿಕೊಳ್ಳುತ್ತಿದ್ದ ಅಂಗಡಿಯವರು ಈಗ ಗೈಡು, ನೋಟ್‌ಬುಕ್ಕು ಬಿಟ್ಟರೆ ಬೇರೇನೂ ಇಡುವುದಿಲ್ಲ. ಓದುವವರು ‘ಪಿಡಿಎಫ್ ಅದ ಏನ್ರೀ?’ ಅಂತಾರೆ. ಹೋದ ವರ್ಷ ನನ್ನ ಅವ್ವನ ಬಗ್ಗೆ ಬರೆದ ಪುಸ್ತಕ ಕೊಟ್ಟಾಗ ಕಾಕಾ ಹೇಳಿದರು: ‘ಇದು ಮಾರಿ ಹೋದ್ರ ಇನ್ನೊಂದ ಪುಸ್ತಕ ತರ್ತೀನಿ. ಹೋಗ್ಲಿಲ್ಲಂದ್ರ ಪ್ರಕಾಶನ ಮುಚ್ಚತೀನವ್ವ.’ ತಮಾಷೆಗೆ ಅಂದದ್ದಲ್ಲ ಎಂದು ಕಾಕಿಯ ಮುಖ ನೋಡಿಯೇ ತಿಳಿಯಿತು.

ಅವ್ವ ಬಾಗಲವಾಡದ ಗದ್ದೆಗಳಲ್ಲಿ ನಾಟಿ ಮಾಡಿ ನಮ್ಮನ್ನು ಓದಿಸಿದವಳು. ಅವಳು ತೀರಿಕೊಂಡ ಮೇಲೆ ಬರೆದೆ. ಮನೆಯ ಮಾತುಗಳು ಸರಿ ಇವೆಯೋ ನೋಡಲಿ ಎಂದು, ಅಚ್ಚಿಗೆ ಕಳಿಸುವ ಮೊದಲು ದೇವದುರ್ಗದ ಹಾಸ್ಟೆಲಿನಲ್ಲಿ ವಾರ್ಡನ್ ಆಗಿರುವ ನನ್ನ ತಮ್ಮನಿಗೆ ಪಿಡಿಎಫ್ ಕಳಿಸಿದೆ. ಅವನು ಓದಿದ, ಅತ್ತ, ಒಂದೂ ತಪ್ಪಿಲ್ಲ ಅಂದ. ಪುಸ್ತಕ ಅಚ್ಚಾಗಿ ಬಂಡಲ್‌ಗಳು ಕಾಕಾನ ಮನೆಗೆ ಬಂದ ದಿನ ಫೋನ್ ಮಾಡಿ ದೊಡ್ಡ ಸಂಭ್ರಮದಲ್ಲಿ ಹೇಳಿದ:

‘ಅಕ್ಕಾ, ಎಲ್ಲಾ ಗ್ರೂಪಿಗೂ ಹಾಕೀನಿ! ಊರ ಗ್ರೂಪು, ನೌಕರರ ಗ್ರೂಪು, ಬೀಗರ ಗ್ರೂಪು. ಸಿರವಾರದಾಗೂ ಓದಾಕತ್ತ್ಯಾರ!’

‘ಏನ್ ಹಾಕೀದಿಲೇ?’

‘ಪುಸ್ತಕ ಬೇ! ನಮ್ಮವ್ವನ ಪುಸ್ತಕ!’

ನಾನು ಅವನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಅವನಿಗೆ ಪಾಪ ಅರ್ಥವೇ ಆಗಲಿಲ್ಲ. ನಮ್ಮಲ್ಲಿ ಮನೆಯ ಮಗಳು ಏನಾದರೂ ಮಾಡಿದರೆ ಓಣಿಗೆಲ್ಲ ಸಕ್ಕರೆ ಹಂಚುವ ಪದ್ಧತಿ. ಅವನು ಅದನ್ನೇ ಮಾಡಿದ್ದ. ಹಂಚಿದ್ದು ಕಾಕಾನ ಪುಸ್ತಕ ಎಂಬುದು ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ.

ಮಾನ್ವಿಯಲ್ಲಿ ಬಿಡುಗಡೆ ಇಟ್ಟುಕೊಂಡೆವು. ಎಂದೂ ಸೇರದಷ್ಟು ಜನ ಸೇರಿದ್ದರು. ನನ್ನ ಹಿಂದಿನ ಪುಸ್ತಕಗಳ ಬಿಡುಗಡೆಯಲ್ಲಿ ಅತಿಥಿಗಳೂ ಮುನ್ನುಡಿಯಷ್ಟೇ ಓದಿ ಬಂದಿರುತ್ತಿದ್ದರು. ಈ ಸಲ ಕೂಲಿಗೆ ಹೋಗುವ ಹೆಂಗಸರು, ನರ್ಸುಗಳು, ಪಡಸಾಲೆಯಲ್ಲಿ ಕೂತು ಮಗಳಿಂದ ಓದಿಸಿ ಕೇಳಿದ ಮುದುಕರು ಬಂದು ಅವ್ವನ ಒಂದೊಂದು ಮಾತನ್ನೂ ಹೇಳಿ ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಟೇಬಲ್ಲಿನ ಮೇಲಿನ ಪುಸ್ತಕ ಮುಟ್ಟಿ ನೋಡಿ, ‘ಇದು ನಮ್ಮ ಫೋನಿನಾಗ ಅದ ರೀ’ ಎಂದು ಪ್ರೀತಿಯಿಂದಲೇ ಹೇಳಿ ಮುಂದೆ ಹೋಗುತ್ತಿದ್ದರು. ನನಗೆ ಹಿಗ್ಗು ಬರುತ್ತಿತ್ತು, ಕಾಕಾನ ಮುಂದಿನ ರಾಶಿ ಮಾತ್ರ ಕರಗುತ್ತಿರಲಿಲ್ಲ.

ಕೊನೆಗೆ ಬಾಗಲವಾಡದ ದೊಡ್ಡವ್ವ ಬಂದಳು. ಅವ್ವನ ಜೊತೆ ನಾಟಿಗೆ ಹೋಗುತ್ತಿದ್ದವಳು. ನನ್ನ ಕೆನ್ನೆ ಸವರಿ, ಕಾಕಾನ ಪಕ್ಕದ ಕುರ್ಚಿಯಲ್ಲಿ ಕೂತಳು.

‘ಮೊಮ್ಮಗಳು ಎಲ್ಲಾ ಓದಿ ಹೇಳಿದ್ಲು. ಚಂದ ಬರ್ದೀದಿ. ಖರೇ, ನಿನ್ನ ಸಾಲಿಗೆ ಹಚ್ಚಾಕ ನಿಮ್ಮವ್ವ ಅಂಜದ ಒಳಗ ಹೋದ್ಲು ಅಂತ ಬರ್ದೀದಿ ನೋಡು, ಅದು ಸುಳ್ಳು.’

‘ಅವ್ವನೇ ಹಂಗ ಹೇಳ್ತಿದ್ಲು ದೊಡ್ಡವ್ವ.’

‘ಮಕ್ಕಳ ಮುಂದ ಮತ್ತೇನ್ ಹೇಳ್ಬೇಕು? ನಾ ಇದ್ನೆಲ್ಲ ಜೋಡಿ! ಸಾಲಿ ಬಾಗಲತನಕ ಬಂದು ಹೊಳ್ಳಿ ನಡದ್ಲು. ಕಾಲೆಲ್ಲ ಕೆಸರು, ಮಾಸ್ತರು ಹೊರಗ ಹಾಕಿದ್ರ ಹೆಂಗ ಅಂತ ಥರಥರ ನಡುಗಾಕತ್ತಿದ್ಲು. ಕಾಲುವಿ ದಂಡಿಗೆ ಕುಂತು ಅತ್ತಳು. ಆಮ್ಯಾಲ ಕಾಲು ತೊಳಕೊಂಡು, ನಿನ್ನ ಕಾಲೂ ತೊಳದು, ಒಳಗ ಹೋದ್ಲು. ಅಂಜಿಕೋತನೇ ಹೋದ್ಲು, ಯವ್ವಾ.’

ಪುಸ್ತಕದ ತುಂಬ ನಾನು ಕಟ್ಟಿದ್ದು ಯಾರಿಗೂ ಹೆದರದ ಅವ್ವನನ್ನು.

ಬಂಡಲ್‌ಗಳನ್ನು ಮತ್ತೆ ಕಟ್ಟಿ ರಾಯಚೂರಿನ ಬಸ್ಸು ಹತ್ತಿದೆವು. ಬಸ್ಸು ನೀರಮಾನ್ವಿ ದಾಟಿತು. ನಾನೇ ಕೇಳಿದೆ: ‘ಚೀಟಿ ಹಚ್ಚೂಣೇನ್ರಿ ಕಾಕಾ? ಹಚ್ಚಿ ಮಾರೂಣು.’

‘ಆ ಮಾತು ಚೀಟಿಯೊಳಗ ಹಿಡಿಸಂಗಿಲ್ಲವ್ವ. ಆ ಅಧ್ಯಾಯನ ಹೊಸದಾಗಿ ಬರಿ. ಫೋನಿನ ಪ್ರತಿಯೊಳಗ ತಿದ್ದಾಕ ಬರ್ತದಲ್ಲ?’

‘ಈ ಬಂಡಲ್?’

‘ಮಾರಂಗಿಲ್ಲ. ನಿಮ್ಮವ್ವ ಅತ್ತಿದ್ದು ಗೊತ್ತಾದ ಮ್ಯಾಲೆ ಇದನ್ನ ಯಾರ ಕೈಯಾಗ ಹೆಂಗ ಇಡ್ಲಿ? ಪುಸ್ತಕನೇ ಬೇಕು ಅನ್ನೋರಿಗೆ ಈಗ ಒಂದೊಂದ ಪ್ರತಿ ಅಚ್ಚು ಹಾಕಿ ಕೊಡ್ತಾರಂತ, ಅಲ್ಲಿ ಕೊಡು.’

‘ಮತ್ತ ಪ್ರಕಾಶನ?’

‘ಸಾಕು ಬಿಡವ್ವ’ ಎಂದರು. ‘ನಿನ್ನ ತಮ್ಮ ಒಂದ ದಿನದಾಗ ಮುಟ್ಟಿಸಿದಷ್ಟು ಮಂದಿಗೆ ನಾ ಇಡೀ ಜೀವನದಾಗ ಮುಟ್ಟಿಸಲಿಲ್ಲ. ಅವನಿಗೆ ಬೈಬ್ಯಾಡ.’ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ.

ಆ ಅಧ್ಯಾಯ ಮತ್ತೆ ಬರೆದೆ. ಕಾಕಾ ತಿದ್ದಿದರು, ತಮ್ಮ ಅದೇ ಗ್ರೂಪುಗಳಿಗೆಲ್ಲ ಮತ್ತೆ ಹಾಕಿದ. ಎರಡು ದಿನ ಬಿಟ್ಟು ನಾನು ಕಾಕಾನ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಬಾಗಲವಾಡದಿಂದ ಒಂದು ವಾಯ್ಸ್ ಮೆಸೇಜು ಬಂತು. ಮೊಮ್ಮಗಳ ಫೋನಿನಲ್ಲಿ ದೊಡ್ಡವ್ವ ಕೂಗಿ ಕೂಗಿ ಮಾತಾಡಿದ್ದಳು:

‘ಹಾಂ, ಈಗ ನಿಮ್ಮವ್ವ ಬಂದ್ಲು ನೋಡು. ಮೊದಲಿನಾಕಿ ಯಾರೋ ಬ್ಯಾರೆ ಇದ್ಲು.’

ನನಗೆ ಅಳು ತಡೆಯಲಾಗಲಿಲ್ಲ. ಕಾಕಾ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ‘ಇನ್ನೊಂದ ಸಲ ಹಚ್ಚವ್ವ, ಕೇಳೂಣು’ ಎಂದರು.