ಸೈಕಲ್ ಪ್ರವಾಸಕ್ಕೊಂದು ಕುಕ್ಕರ್

ಕಳೆದ ಬೇಸಿಗೆಯಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಊರಿನ ನಮ್ಮ ಮನೆಯಲ್ಲಿ ನಾವು ನಾಲ್ವರು ಗೆಳೆಯರು ಕೂತು, ಯಾರ್ಕ್‌ಶೈರಿನ ಹಳ್ಳಿಗಾಡಿನಲ್ಲಿ ಮೂರು ದಿನ ಸೈಕಲ್ ತುಳಿಯುವುದೆಂದು ತೀರ್ಮಾನಿಸಿದೆವು. ಎಲ್ಲರೂ ಬೆಂಗಳೂರಿನ ಎಂಜಿನಿಯರುಗಳು. ಸೈಕಲ್ಲಿಗಿಂತ ಮೊದಲೇ ಹೆಲ್ಮೆಟ್ಟು, ಪ್ಯಾಡ್ ಹೊಲಿದ ಚಡ್ಡಿ ಆರ್ಡರ್ ಆದವು.

ಅಷ್ಟರಲ್ಲಿ ಒಬ್ಬ ಊಟದ ಮಾತೆತ್ತಿದ. "ಅಲ್ಲಿನ ಪಬ್ಬುಗಳಲ್ಲಿ ವೆಜ್ ಅಂದ್ರೆ ಚಿಪ್ಸ್ ಅಷ್ಟೇ ಕಣ್ರೋ." ಸರಿ, ಪುಳಿಯೋಗರೆ ಗೊಜ್ಜು ಒಬ್ಬನ ಪಾಲಿಗೆ ಬಂತು, ಚಟ್ನಿಪುಡಿ ಇನ್ನೊಬ್ಬನಿಗೆ. ಬಿಸಿ ಅನ್ನ ಇಲ್ಲದೆ ಗೊಜ್ಜು ಇಟ್ಕೊಂಡು ಏನು ಮಾಡೋದು ಅಂತ ಕುಕ್ಕರ್ರೂ ಸೇರಿತು. ಐದು ಲೀಟರಿನ ಕುಕ್ಕರನ್ನು ಸೈಕಲ್ಲಿಗೆ ಕಟ್ಟುವುದು ಹೇಗೆ? ಹಾಗಾಗಿ ನಮ್ಮ ಹಿಂದೆ ಒಂದು ಕಾರು ಬರಲೇಬೇಕಾಯಿತು.

"ಕಾರು ಓಡಿಸೋಕೆ ಯಾರು ರೆಡಿ?" ಎಂದೆ. ಅಲ್ಲಿಯವರೆಗೆ ಗುಡ್ಡ ಹತ್ತುವ ಮಜಾದ ಬಗ್ಗೆ ಭಾಷಣ ಬಿಗಿಯುತ್ತಿದ್ದ ಮೂವರೂ ಒಟ್ಟಿಗೆ ಕೈ ಎತ್ತಿದರು. ನನಗೆ ಪಿತ್ತ ನೆತ್ತಿಗೇರಿತು. "ನಾಚಿಕೆ ಆಗಲ್ವಾ ನಿಮಗೆ? ಹಂಗಾದ್ರೆ ಸೈಕಲ್ ತುಳಿಯೋರು ಯಾರು?" ಎಂದು ರೇಗಿದೆ.

ಕಾಫಿ ತಂದಿಟ್ಟ ಹೆಂಡತಿ ನನ್ನನ್ನೊಮ್ಮೆ ನೋಡಿದಳು.

"ಮೊದಲು ನಿಮ್ಮ ಕೈ ಕೆಳಗಿಳಿಸಿ," ಎಂದಳು, "ಆಮೇಲೆ ಬೈಯಿರಿ."