ಅಪ್ಪನ ಪ್ಲೇಟು, ಯಜಮಾನರ ಕಾಯಿಲು

ಎರಡು ವರ್ಷದ ಹಿಂದಿನ ಮಾತು. ನಾಲೆಗೆ ನೀರು ಬಿಡುವುದಕ್ಕೆ ಇನ್ನೂ ಇಪ್ಪತ್ತು ದಿನ ಇತ್ತು. ನಮ್ಮದು ಚುಂಚನಕಟ್ಟೆ ಹತ್ತಿರದ ಊರು, ಭತ್ತ ಬೆಳೆಯುವವರು. ನೀರು ಬರುವ ಮೊದಲೇ ಗದ್ದೆಗೆ ಗೊಬ್ಬರ ಹೊಡೆದು ಮುಗಿಸಬೇಕು. ಅಂಥ ಹೊತ್ತಿನಲ್ಲೇ ನಮ್ಮ ಯಜಮಾನರಿಗೆ ಜೀಪಿನ ಹುಚ್ಚು ನೆತ್ತಿಗೇರಿತ್ತು.

ಜೀಪು ಅಂದರೆ ಹಿಂದೆ ಸಾಮಾನು ತುಂಬುವ ಜಾಗ ಇರುವ ಹಳೇ ಪಿಕಪ್ ಜೀಪು, ನಾಲ್ಕೂ ಚಕ್ರ ಎಳೆಯುವಂಥದ್ದು. ವಾರದಲ್ಲಿ ಆರು ದಿನ ಅದು ಗೊಬ್ಬರ, ಹುಲ್ಲು, ಭತ್ತದ ಮೂಟೆ ಹೊರುತ್ತೆ. ಭಾನುವಾರ ಬಂತೆಂದರೆ ಇವರು ಅದನ್ನು ತಿಕ್ಕಿ ತಿಕ್ಕಿ ತೊಳೆದು, ಸ್ನೇಹಿತರ ಜೊತೆ ಪಿರಿಯಾಪಟ್ಟಣದ ಕಡೆಗೋ ಎಚ್.ಡಿ. ಕೋಟೆ ಕಡೆಗೋ ಹೋಗಿ ಕೆಸರಿನ ಗುಂಡಿಗೆ ಇಳಿಸುತ್ತಾರೆ. ಕೆಸರಿಗೆ ಇಳಿಸುವುದಾದರೆ ತೊಳೆದದ್ದು ಯಾಕೆ ಅಂತ ಕೇಳುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಆ ಸಲ ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್ ಆಚೆ ಯಾರದೋ ಜಮೀನಿನಲ್ಲಿ ಜೀಪು ಓಡಿಸುವ ಸ್ಪರ್ಧೆ ಇಟ್ಟುಕೊಂಡಿದ್ದರು. ಅಷ್ಟರೊಳಗೆ ಗಾಡಿಯ ಪ್ಲೇಟು ಕಳಚಿ ಕಾಯಿಲ್ ಹಾಕಿಸಲೇಬೇಕು ಅಂತ ಇವರು ಪಟ್ಟು ಹಿಡಿದಿದ್ದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಲಾರಿಯ ಹಿಂದಿನ ಚಕ್ರದ ಹತ್ತಿರ ಬಗ್ಗಿ ನೋಡಿದರೆ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಅದೇ ಪ್ಲೇಟು, ಕಮಾನು ಅಂತಲೂ ಅನ್ನುತ್ತಾರೆ; ಚಕ್ರದ ಅಚ್ಚನ್ನು, ಅಂದರೆ ಆಕ್ಸಲನ್ನು, ಅದಕ್ಕೇ ಕಟ್ಟಿರುತ್ತಾರೆ. ಎಷ್ಟು ಭಾರ ಬೇಕಾದರೂ ಹೊರುತ್ತೆ, ಕೂತವರ ಸೊಂಟ ಮಾತ್ರ ಕೇಳಬಾರದು. ಸುರುಳಿ ಸ್ಪ್ರಿಂಗಿನ ಹೊಟ್ಟೆಯೊಳಗೇ ಶಾಕ್ ಅಬ್ಸಾರ್ಬರ್ ಕೂರಿಸಿದ್ದು ಈಗಿನವರ ಕಾಯಿಲೋವರ್, ಇವರ ಬಾಯಲ್ಲಿ ಬರೀ ಕಾಯಿಲ್. ಹಳ್ಳ ದಿಣ್ಣೆ ಎಲ್ಲಿ ಬಂದರೂ ಚಕ್ರ ನೆಲ ಬಿಡುವುದಿಲ್ಲವಂತೆ. ಇವರು ಊಟಕ್ಕೆ ಕೂತಾಗಲೂ ಫೋನನ್ನು ಚೊಂಬಿಗೆ ಒರಗಿಸಿಕೊಂಡು ಅದರ ವಿಡಿಯೋ ನೋಡುತ್ತಿದ್ದರು. ನಾನು ಬಡಿಸಿದ್ದು ಸಾರೋ ಮಜ್ಜಿಗೆಯೋ ಅನ್ನುವುದೂ ಅವರಿಗೆ ತಿಳಿಯುತ್ತಿರಲಿಲ್ಲ.

ಹಾಕಿಸಿಕೊಳ್ಳಲಿ, ನನಗೇನು. ತೊಂದರೆ ಇದ್ದದ್ದು ಒಂದೇ. ಆ ಜೀಪಿನ ಪ್ಲೇಟು ಮಾಡಿಕೊಟ್ಟವರು ನಮ್ಮಪ್ಪ.

ಅಪ್ಪನದು ಹುಣಸೂರಿನಲ್ಲಿ ಕಮಾನು ಕೆಲಸದ ಶೆಡ್ಡು. ಹೊಗೆಸೊಪ್ಪು ತುಂಬಿದ ಲಾರಿಯಾಗಲಿ, ಮಡಿಕೇರಿ ಕಡೆಯಿಂದ ಇಳಿದು ಬಂದ ಬಸ್ಸಾಗಲಿ, ಪ್ಲೇಟು ಮುರಿದರೆ ಅಪ್ಪನ ಹತ್ತಿರ ಬರುತ್ತಿದ್ದವು. ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಬಾಗಿಸಿ, ಎಣ್ಣೆಗೆ ಅದ್ದಿ ತೆಗೆದು, ಕೊನೆಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟು, ಹದ ಬಂದಿದೆಯಾ ಅಂತ ಅದರ ಸದ್ದನ್ನು ಕಿವಿಗೊಟ್ಟು ಕೇಳುತ್ತಿದ್ದರು. ನಾನು ಸ್ಕೂಲಿನ ಲೆಕ್ಕ ಮಾಡಿದ್ದೆಲ್ಲ ಆ ಶೆಡ್ಡಿನ ಬಾಗಿಲಲ್ಲೇ ಕೂತು. ಆ ಹೊತ್ತಿಗೆ ಅಪ್ಪನಿಗೆ ಎಪ್ಪತ್ತರ ಹತ್ತಿರ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿತ್ತು. ಕೆಲಸ ಹುಡುಕಿಕೊಂಡು ಬರುವವರು ಕಡಿಮೆಯಾಗಿ, ಕೆಲವು ದಿನ ಸುಮ್ಮನೆ ಬಾಗಿಲು ತೆಗೆದು ಕೂತು ವಾಪಸು ಬರುತ್ತಾರೆ ಅಂತ ಅವ್ವ ಹೇಳುತ್ತಿದ್ದಳು. ಅಂಥವರಿಗೆ ಸ್ವಂತ ಅಳಿಯನೇ ನಿಮ್ಮ ಪ್ಲೇಟು ಬೇಡ ಅಂದರೆ ಹೇಗಾಗಬೇಡ? ನನಗೆ ಅದೇ ಸಂಕಟವಾಗಿತ್ತು.

ಹೇಳುವುದಾದರೂ ಯಾರು? ನಮ್ಮ ಮನೆಗಳಲ್ಲಿ ಮಾವ ಅಳಿಯ ಎದುರುಬದುರು ಕೂತು ಮಾತಾಡುವುದಿಲ್ಲ. ಜಗಳ ಅಂತಲ್ಲ, ಮರ್ಯಾದೆ. ಈಗಿನವರು ಅದನ್ನೆಲ್ಲ ಬಿಟ್ಟಿದ್ದಾರೆ, ಇವರಿಬ್ಬರು ಮಾತ್ರ ಬಿಟ್ಟಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ ‘ಬಂದ್ರಾ’, ‘ಊಟ ಆಯ್ತಾ’ ದಾಟಿ ಮುಂದಕ್ಕೆ ಹೋಗಿರಲಿಲ್ಲ. ಮಿಕ್ಕಿದ್ದೆಲ್ಲ ನನ್ನ ಮೂಲಕ. ಫೋನಿನಲ್ಲಿ ಸ್ಪೀಕರ್ ಹಾಕಿದ್ದರೂ ಅಷ್ಟೇ. “ಅಳಿಯಂದ್ರು ಚೆನ್ನಾಗವ್ರಾ ಕೇಳವ್ವ” ಅಂತ ಅಪ್ಪ. ಪಕ್ಕದಲ್ಲೇ ಕೂತ ಇವರು, “ಚೆನ್ನಾಗಿವ್ನಿ ಅನ್ನು” ಅಂತ. ನಾನು ಅದನ್ನೇ ಮತ್ತೆ ಗಟ್ಟಿಯಾಗಿ ಹೇಳಬೇಕು. ಇಬ್ಬರಿಗೂ ಕಿವಿ ಸರಿಯಾಗಿಯೇ ಇದೆ.

ಒಂದು ಮಧ್ಯಾಹ್ನ ಹುಣಸೂರಿಗೆ ಊಟಕ್ಕೆ ಹೋದೆವು. ಅವ್ವ ನಾಟಿ ಕೋಳಿ ಸಾರು, ಮುದ್ದೆ ಮಾಡಿದ್ದಳು. ಇವರು ನಡುಮನೆಯಲ್ಲಿ ಕೂತರು. ಅಳಿಯಂದಿರ ಊಟ ಮುಗಿಯಲಿ ಅಂತ ಅಪ್ಪ ಎಂದಿನಂತೆ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಇವರು ಮುದ್ದೆ ಮುರಿಯುತ್ತಾ ಮೆಲ್ಲಗೆ ಅಂದರು.

“ಪವಿ, ಮಾವನೋರಿಗೆ ಹೇಳ್ಬುಡು. ಈ ಸಲ ಕಾಯಿಲ್ ಆಕಿಸ್ತಾ ಇವ್ನಿ. ಅವರ ಪ್ಲೇಟು ಸರಿ ಇಲ್ಲ ಅಂತಲ್ಲ, ಬೇಜಾರು ಮಾಡ್ಕಬಾರ್ದು ಅನ್ನು.”

“ನೀವೇ ಹೇಳ್ರೀ.”

“ನಾನಾ?” ಅಂತ ಇವರು ತುತ್ತು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದರು.

ಸರಿ ಅಂತ ಹಿತ್ತಲಿಗೆ ಹೋದೆ. ಅಪ್ಪ ತಲೆ ಎತ್ತಿ, “ಏನಂತವ್ವ? ಗಾಡಿ ಎಂಗೈತಂತೆ?” ಅಂದರು. ಕುಲುಮೆಯ ಕಿಡಿ ಹಾರಿ ಹಾರಿ ಚುಕ್ಕಿ ಚುಕ್ಕಿಯಾಗಿದ್ದ ಅವರ ಮೊಣಕೈ ನೋಡಿದೆ.

“ಪ್ಲೇಟು ವಸಿ ಗಡುಸಂತೆ ಅಪ್ಪ. ಇನ್ನೂ ಮೆತ್ತಗಿದ್ರೆ ಚೆನ್ನಾಗಿರ್ತಿತ್ತು ಅಂತಾವ್ರೆ,” ಅಂದುಬಿಟ್ಟೆ.

ಅಪ್ಪನ ಮುಖ ಅರಳಿತು. “ಅಷ್ಟೇಯಾ? ಕೆಸ್ರಿಗೆ ಇಳಿಯೋ ಗಾಡಿಗೆ ತೆಳ್ಳಗಿನ ಪಟ್ಟಿನೇ ಆಗ್ಬೇಕು ಬುಡು. ಇನ್ನೊಂದು ಸೆಟ್ ಮಾಡ್ಕೊಡ್ತೀನಿ ಅನ್ನು.”

ಒಳಗೆ ಬಂದೆ. “ಏನಂದ್ರು?” ಅಂತ ಇವರು. “ಆಯ್ತು ಅಂದ್ರು,” ಅಂದೆ. ಇವರು ನೆಮ್ಮದಿಯಾಗಿ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಇಬ್ಬರೂ ಖುಷಿಯಾಗಿದ್ದಾರೆ, ಸದ್ಯಕ್ಕೆ ಇಷ್ಟು ಸಾಕು, ಅಪ್ಪನಿಗೆ ನಿಧಾನವಾಗಿ ಹೇಳಿದರಾಯಿತು ಅಂದುಕೊಂಡೆ.

ಆ ನಿಧಾನ ನಿಧಾನವಾಗಿಯೇ ಉಳಿಯಿತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ದಿನ ದೂಡಿದೆ. ಒಂದು ದಿನ ಅವ್ವ ಫೋನ್ ಮಾಡಿ, “ನಿಮ್ಮಪ್ಪ ನಾಕು ದಿನದಿಂದ ಕುಲುಮೆ ಬುಟ್ಟು ಏಳ್ತಾನೇ ಇಲ್ಲ ಕಣೆ, ಊಟಕ್ಕೆ ನಾನೇ ಹೋಗಿ ಕರೀಬೇಕು,” ಅಂದಳು. ಅವಳ ದನಿಯಲ್ಲಿ ಸಂತೋಷವಿತ್ತು. ಅಪ್ಪ ಬಡಿಯುತ್ತಿರುವುದು ಯಾರ ಪ್ಲೇಟು ಅಂತ ನನಗೆ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ, ಅಷ್ಟು ಹೊತ್ತಿಗೆ ಬಾಯಿ ಬಿಡುವುದು ಮೊದಲಿಗಿಂತ ಕಷ್ಟವಾಗಿತ್ತು.

ಒಂದು ಬುಧವಾರ ಪಿರಿಯಾಪಟ್ಟಣದಿಂದ ಇವರ ಸ್ನೇಹಿತ ಮೆಕ್ಯಾನಿಕ್ಕು ವೆಲ್ಡಿಂಗ್ ಮಿಷಿನ್ ಹಾಕಿಕೊಂಡು ನಮ್ಮ ಮನೆಗೇ ಬಂದ. ಕೊಟ್ಟಿಗೆ ಮುಂದೆ ಜೀಪನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದರು. ಹನ್ನೊಂದು ಗಂಟೆ ಹೊತ್ತಿಗೆ ಮುಂದಿನ ಎರಡು ಚಕ್ರಕ್ಕೆ ಕಾಯಿಲ್ ಕೂತಿತ್ತು. ಹಿಂದಿನ ಪ್ಲೇಟನ್ನೂ ಬಿಚ್ಚಿ ಹುಲ್ಲಿನ ಮೆದೆಗೆ ಒರಗಿಸಿದ್ದರು. ಆಗ ಗೇಟಿನ ಹತ್ತಿರ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಡ್ರೈವರ್ ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಅಪ್ಪ ಕೂತಿದ್ದರು. ಹಿಂದೆ ಗೋಣಿಚೀಲ ಹೊದಿಸಿದ್ದ ಹೊಸ ಪ್ಲೇಟುಗಳು, ಒಂದು ಪೂರ್ತಿ ಸೆಟ್ಟು.

ಅಪ್ಪ ಇಳಿದು ನಾಲ್ಕು ಹೆಜ್ಜೆ ಬಂದು ನಿಂತರು. ದಿಮ್ಮಿಯ ಮೇಲಿದ್ದ ಜೀಪು ನೋಡಿದರು, ಹಳದಿ ಬಣ್ಣದ ಹೊಸ ಕಾಯಿಲ್ ನೋಡಿದರು, ಮೆದೆಗೆ ಒರಗಿದ್ದ ತಮ್ಮ ಹಳೆಯ ಪ್ಲೇಟನ್ನೂ ನೋಡಿದರು. ಇವರು ಎದ್ದು ಲುಂಗಿ ಕೆಳಗೆ ಬಿಟ್ಟುಕೊಂಡರು. ಆಮೇಲೆ ಇಬ್ಬರೂ ಅಭ್ಯಾಸಬಲದಿಂದ ನನ್ನ ಮುಖ ನೋಡಿದರು. ನಾನು ಮಜ್ಜಿಗೆ ಚೊಂಬು ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ.

“ಮಾವನೋರು ಆಯ್ತು ಅಂದ್ರು ಅಂದ್ಯಲ್ಲ ನೀನು?” ಅಂತ ಇವರು ಮೆಲ್ಲಗೆ ಕೇಳಿದರು. ಮೆಲ್ಲಗೆ ಕೇಳಿದರೂ ಅಪ್ಪನಿಗೆ ಕೇಳಿಸಿತು. ಎಲ್ಲ ಅರ್ಥವಾಯಿತು ಅವರಿಗೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಅಪ್ಪ ಶರಟು ಬಿಚ್ಚಿ ಬಟ್ಟೆ ಒಣಹಾಕುವ ತಂತಿಗೆ ಹಾಕಿದರು. ಬನಿಯನ್ನಿನಲ್ಲೇ ಹೋಗಿ ಜೀಪಿನ ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಕಾಯಿಲ್ ಮೇಲೆ ಕೈಯಾಡಿಸಿದರು. ಸುರುಳಿಯ ಸಂದಿಗೆ ಬೆರಳು ತೂರಿಸಿ ಅಳತೆ ನೋಡಿದರು. ಆಮೇಲೆ ತಲೆ ಎತ್ತಿ ನೇರವಾಗಿ ಇವರಿಗೇ ಹೇಳಿದರು.

“ಅಳಿಯಂದ್ರೇ, ಪ್ಲೇಟು ಭಾರನೂ ಹೊರ್ತಿತ್ತು, ಆಕ್ಸಲ್ನೂ ಹಿಡ್ಕೊಂಡಿರ್ತಿತ್ತು. ಇದು ಭಾರ ಒಂದೇ ಹೊರ್ತದೆ. ಆಕ್ಸಲ್ ಇಂದ್ಕೂ ಮುಂದ್ಕೂ ಓಗದಂಗೆ ಹಿಡ್ಕಳೋರ್ಯಾರು?”

ಅದನ್ನು ಇವರಿಗೆ ಹೇಳಬೇಕೇನೋ ಅಂತ ನಾನು ಬಾಯಿ ತೆರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ಇವರು ನೆಲಕ್ಕೆ ಅಂಗಾತ ಮಲಗಿ ಜೀಪಿನ ಕೆಳಗೆ ತೂರಿಕೊಂಡರು. “ಇಲ್ನೋಡಿ ಮಾವ, ಅದಕ್ಕೆ ಅಂತ ಈ ರಾಡು ಕೊಟ್ಟವ್ರೆ. ಈ ತುದಿ ಚಾಸಿಗೆ, ಆ ತುದಿ ಆಕ್ಸಲ್ಗೆ.”

“ಓಹೋ,” ಅಂದರು ಅಪ್ಪ. ಅವರೂ ತಲೆ ಒಳಗೆ ಹಾಕಿದರು. ಆಮೇಲೆ ನನಗೆ ಕಂಡದ್ದು ಎರಡು ಜೊತೆ ಕಾಲು ಮಾತ್ರ. ಹನ್ನೊಂದು ವರ್ಷದ ಮಾತು ಒಟ್ಟಿಗೇ ಬರುತ್ತಿತ್ತು. ಇದು ಎಷ್ಟು ಕುಗ್ಗುತ್ತೆ, ಎಣ್ಣೆ ಸೋರಿದರೆ ಏನು ಗತಿ, ಸುರುಳಿ ಮುರಿದರೆ ಊರಲ್ಲಿ ಯಾರು ಸರಿ ಮಾಡುತ್ತಾರೆ, ಅಂತ ಅಪ್ಪ ಕೇಳುತ್ತಲೇ ಇದ್ದರು. ಇವರು ವಿಡಿಯೋದಲ್ಲಿ ನೋಡಿದ್ದನ್ನೆಲ್ಲ ಒಪ್ಪಿಸುತ್ತಿದ್ದರು. ಮಜ್ಜಿಗೆ ತಂದಿದ್ದೀನಿ ಅಂತ ನಾನು ಎರಡು ಸಲ ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ.

ಮೆಕ್ಯಾನಿಕ್ಕು ಹಿಂದಿನ ಚಕ್ರಕ್ಕೂ ಕಾಯಿಲ್ ಎತ್ತಿಕೊಂಡಾಗ ಅಪ್ಪ ತಡೆದರು. “ಇಂದ್ಕೆ ಏನು ತುಂಬ್ತೀರಿ?”

“ಗೊಬ್ಬರ, ಹುಲ್ಲು, ಮೂಟೆ,” ಅಂದರು ಇವರು.

“ಇದು ಅಷ್ಟು ತಡೀತದಾ? ಗಾಡಿ ಬಾಲ ಕೂತ್ಬುಟ್ರೆ ಟೈರು ಮೇಲಿನ ತಗಡಿಗೆ ಉಜ್ತದೆ.”

ಇವರು ಮೆಕ್ಯಾನಿಕ್ ಮುಖ ನೋಡಿದರು. ಮೆಕ್ಯಾನಿಕ್ಕು, “ಲೋಡಿಗೆ ಕಷ್ಟನೇಯಾ,” ಅಂತ ಒಪ್ಪಿಕೊಂಡ. ಇವರ ಕಣ್ಣು ಆಟೋದಲ್ಲಿದ್ದ ಹೊಸ ಪ್ಲೇಟಿನ ಮೇಲೆ ಹೋಯಿತು. “ಅಂಗಾದ್ರೆ ಇಂದ್ಕೆ ನಿಮ್ಮ ಪ್ಲೇಟೇ ಆಕ್ಬುಡಣ ಮಾವ.”

“ನಾನು ತಂದಿವ್ನಿ ಅಂತ ಆಕ್ಬೇಡಿ,” ಅಂದರು ಅಪ್ಪ. “ಗೊಬ್ಬರ ತುಂಬಿ ಓಡ್ಸಿ ನೋಡಣ. ಸರಿ ಬರ್ದಿದ್ರೆ ತೆಗ್ದು ಎಸೀರಿ.”

ಹಾಗೇ ಮಾಡಿದರು. ಪ್ಲೇಟು ಕಟ್ಟಿ, ಜೀಪು ತುಂಬ ಗೊಬ್ಬರ ಹೇರಿ, ಇಬ್ಬರೇ ನಾಲೆ ಏರಿಯ ಮೇಲೆ ಹೋಗಿ ಹಳ್ಳಕ್ಕೆ ಇಳಿಸಿ ಹತ್ತಿಸಿಕೊಂಡು ಬಂದರು. ಬಂದವರೇ ಅಪ್ಪ ತಲೆ ಅಲ್ಲಾಡಿಸಿದರು. “ಇನ್ನೂ ಗಡುಸು. ಒಂದು ಪಟ್ಟಿ ಜಾಸ್ತಿ ಆಕ್ಬುಟ್ಟಿವ್ನಿ, ನಂದೇ ತಪ್ಪು,” ಅಂತ ಎರಡೂ ಕಡೆ ಒಂದೊಂದು ಪಟ್ಟಿ ತೆಗೆಸಿದರು. ಮತ್ತೆ ಓಡಿಸಿದರು. ಸಂಜೆ ನಾಲ್ಕರ ಹೊತ್ತಿಗೆ ಮುಂದೆ ಕಾಯಿಲು, ಹಿಂದೆ ಪ್ಲೇಟು ಅಂತ ಇಬ್ಬರೂ ಕೂಡಿ ತೀರ್ಮಾನ ಮಾಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಅಪ್ಪ ಹೊರಡುವ ಮುಂಚೆ ನೀರಿನ ತೊಟ್ಟಿ ಹತ್ತಿರ ಕೈ ತೊಳೆಯಲು ಬಂದರು. ನಾನು ಸೋಪಿನ ಪುಡಿ ಹಾಕಿ ನೀರು ಹುಯ್ದೆ.

“ತಪ್ಪಾಯ್ತು ಅಪ್ಪ. ನಿಂಗೆ ನೋವಾಯ್ತದೆ ಅಂತ ಅಂಗಂದೆ,” ಅಂದೆ.

ಅಪ್ಪ ಉಗುರಿನ ಸಂದಿಯ ಗ್ರೀಸು ತಿಕ್ಕುತ್ತಲೇ ಹೇಳಿದರು. “ಬ್ಯಾಡ ಅಂದಿದ್ರೆ ನಂಗೇನಾಯ್ತಿತ್ತವ್ವ? ಲಾರಿಯೋರು ದಿನಾ ಅಂತಾರೆ. ಹೊಸದು ಬತ್ತದೆ, ಹಳೇದು ಓಯ್ತದೆ. ನಾನೂ ಒಂದು ಕಾಲದಲ್ಲಿ ಹೊಸಬನಾಗಿದ್ದೋನೇಯಾ. ನಂಗೂ ಅದ್ನೆಲ್ಲ ನೋಡ್ಬೇಕು ಅಂತ ಆಸೆ ಇತ್ತು, ಯಾರೂ ತೋರ್ಸಿರ್ಲಿಲ್ಲ.” ಆಮೇಲೆ ಕೈ ಒದರಿಕೊಂಡು ಅಂದರು. “ನೀನು ನನ್ನ ಕಂಡು ಕನಿಕರ ಪಟ್ಯಲ್ಲ, ಅದೊಂದು ವಸಿ ನೋವಾಯ್ತು ಕಣವ್ವ.”

ಅದರಲ್ಲಿ ಸಿಟ್ಟು ಇರಲಿಲ್ಲ. ಅಪ್ಪ ನನ್ನ ಸೀರೆ ಸೆರಗಿನಲ್ಲೇ ಕೈ ಒರೆಸಿಕೊಂಡು, ಶರಟು ಹಾಕಿಕೊಂಡು, ಅಳಿಯನ ಪಕ್ಕದಲ್ಲಿ ಕೂತು ಜೀಪಿನಲ್ಲೇ ಹುಣಸೂರಿಗೆ ಹೋದರು. ನಾನು ಕೊಟ್ಟಿಗೆಯಲ್ಲಿ ಹಸುವಿನ ಹತ್ತಿರ ನಿಂತು ಅತ್ತೆ.

ಸ್ಪರ್ಧೆಯಲ್ಲಿ ಏನಾಯಿತು ಅಂತ ಮಾತ್ರ ಕೇಳಬೇಡಿ. ಜೀಪು ಮೂರನೇ ಗುಂಡಿಯಲ್ಲಿ ಹೂತುಕೊಂಡು, ಟ್ರ್ಯಾಕ್ಟರಿನಲ್ಲಿ ಎಳೆಸಬೇಕಾಯಿತು. ದಿಣ್ಣೆ ಮೇಲೆ ನಿಂತು ನೋಡುತ್ತಿದ್ದ ಅಪ್ಪ, “ಕಾಯಿಲ್ದೂ ತಪ್ಪಿಲ್ಲ, ಪ್ಲೇಟ್ದೂ ತಪ್ಪಿಲ್ಲ ಅಳಿಯಂದ್ರೇ, ನೀವು ಗೇರ್ ತಪ್ಪಾಗಿ ಆಕುದ್ರಿ,” ಅಂತ ಎದುರಿಗೇ ಹೇಳಿದರು. ಇವರು ಕೆಸರು ಒರೆಸಿಕೊಳ್ಳುತ್ತಾ ನಕ್ಕರು. ಈಗ ತಿಂಗಳಿಗೆ ಒಂದು ಸಲವಾದರೂ ಇಬ್ಬರೂ ಸೇರಿ ಯಾರದಾದರೂ ಗಾಡಿಯ ಕೆಳಗೆ ಮಲಗಿರುತ್ತಾರೆ. ಕಾಯಿಲ್ ಹಾಕಿಸಿದವರೂ ಹಿಂದಿನ ಪ್ಲೇಟಿಗೆ ಅಪ್ಪನನ್ನು ಹುಡುಕಿಕೊಂಡು ಬರುತ್ತಾರೆ.

ತೊಟ್ಟಿ ಹತ್ತಿರ ಅಪ್ಪ ಆಡಿದ ಮಾತು ಈಗಲೂ ನನಗೆ ನೆನಪಾಗುತ್ತೆ. ಪ್ರೀತಿಯಿಂದಲೇ ಸುಳ್ಳು ಹೇಳಿದ್ದೆ, ಅದು ನಿಜ. ಆದರೆ ಜೀವಮಾನವೆಲ್ಲ ಕಾದ ಉಕ್ಕು ಬಗ್ಗಿಸಿದ ಮನುಷ್ಯ ಒಂದು ‘ಬೇಡ’ ಅನ್ನುವ ಮಾತು ತಡೆಯಲಾರ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಇವರು ಕಳಚಿದ್ದು ಬರೀ ಪ್ಲೇಟನ್ನು. ಅಪ್ಪನಿಗೆ ವಯಸ್ಸಾಯಿತು ಅಂತ ಮೂಲೆಗೆ ಕೂರಿಸಲು ಹೊರಟವಳು ನಾನು.