ಎಡ ಚಕ್ರದ ಡ್ರಮ್ಮು ಬಿಚ್ಚಿದ ಭಾನುವಾರ

ಕಳೆದ ಭಾನುವಾರ ನಾನು ದುಭಾಷಿಯಾಗಿದ್ದೆ. ಕನ್ನಡದಿಂದ ಕನ್ನಡಕ್ಕೆ!

ನಗಬೇಡಿ. ಪರಸ್ಪರ ಮಾತು ಬಿಟ್ಟ ಇಬ್ಬರು ಹಿರಿಯರ ನಡುವೆ, ಹಳೇ ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಒಂದು ಬೆಳಗ್ಗೆ ಕೂತು ನೋಡಿ. ಆಮೇಲೆ ನಗುವಿರಂತೆ.

ಕಾರು ನನ್ನ ಮಾವ ರುದ್ರಪ್ಪನವರದು. ಶಿವಮೊಗ್ಗದ ಸವಳಂಗ ರಸ್ತೆಯ ಮನೆಯ ಶೆಡ್ಡಿನಲ್ಲಿ ಅದರ ವಾಸ. ಯಾವುದೋ ಎಸ್ಟೇಟಿನ ಬಿಳಿ ಮ್ಯಾನೇಜರು ಸೀಮೆಗೆ ಹೊರಟಾಗ ಮಾರಿದ ಮಾಲು. ವಯಸ್ಸಿನಲ್ಲಿ ನನಗಿಂತ ಹಿರಿದು (ಆ ಮನೆಯಲ್ಲಿ ಗೌರವವೂ ನನಗಿಂತ ಹೆಚ್ಚು). ಅದನ್ನು ಕೊಂಡದ್ದು ಮಾವ ಮತ್ತು ಅವರ ಅಕ್ಕನ ಗಂಡ ಹಾಲಪ್ಪನವರು, ಇಬ್ಬರೂ ಸೇರಿ. ಹಾಲಪ್ಪನವರಿರುವುದು ಭದ್ರಾವತಿಯ ಓಲ್ಡ್ ಟೌನಿನಲ್ಲಿ.

ಜಗಳ ಹುಟ್ಟಿದ್ದು ನನ್ನ ಮದುವೆಯ ದಿನ. ಮದುವೆ ಭದ್ರಾವತಿಯಲ್ಲಿ. ಮದುಮಗಳನ್ನು ಕೂರಿಸಿಕೊಂಡು ಹೊರಟ ಕಾರು ಅರ್ಧ ದಾರಿಯಲ್ಲಿ ನಿಂತಿತು. ಪೆಟ್ರೋಲೇ ಇಲ್ಲ! ಹಾಕಿಸಬೇಕಾಗಿದ್ದವರು ಅವರು ಅಂತ ಇವರು, ಇವನು ಅಂತ ಅವರು. ನನ್ನ ಹೆಂಡತಿ ಇಟ್ಟಿಗೆ ಲಾರಿ ಹತ್ತಿ ಮಂಟಪಕ್ಕೆ ಬಂದಳು. (ಧಾರೆ ಸೀರೆಗೆ ಹತ್ತಿದ ಕೆಂಪು ಹೋಯಿತು. ಆ ಮಾತು ಇನ್ನೂ ಹೋಗಿಲ್ಲ.) ಆವತ್ತೇ ಇಬ್ಬರೂ ಪಾಲಾದರು. ಮಾವನಿಗೆ ಕಾರು. ಹಾಲಪ್ಪನವರಿಗೆ ಅದರ ಟೂಲ್ ಬಾಕ್ಸು.

ಎಲ್ಲಾದರೂ ಕೇಳಿದ್ದೀರಾ ಇಂಥ ಪಾಲು?

ಇಬ್ಬರ ಹಟದಲ್ಲಿ ನೊಂದವರು ಮಾವನ ಅಕ್ಕ ಪಾರ್ವತಮ್ಮ. ಗಂಡ ಕಾಲಿಡದ ತವರಿಗೆ ತಾನೊಬ್ಬಳೇ ಹೇಗೆ ಬರುವುದು? ಗೌರಿ ಹಬ್ಬದ ಬಾಗಿನ ಬಸ್ ಕಂಡಕ್ಟರ್ ಕೈಯಲ್ಲಿ ಭದ್ರಾವತಿಗೆ ಹೋಗುತ್ತಿತ್ತು. ಅದನ್ನು ಕಳಿಸುವಾಗ ಮಾವ ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ನಿಂತಿರುತ್ತಿದ್ದರು.

ಹೀಗಿರುವಾಗ ಕಾರಿನ ಹಿಂದಿನ ಎಡ ಚಕ್ರ ಹಿಡಿದುಕೊಂಡಿತು. ಬ್ರೇಕ್ ಒತ್ತಿದರೆ ನಿಲ್ಲುತ್ತದೆ, ಸರಿ. ಬಿಟ್ಟರೂ ನಿಂತೇ ಇರುತ್ತದೆ! ಒಳಗೆ ಏನಾಗಿದೆ ನೋಡಲು, ಬ್ರೇಕನ್ನು ಮುಚ್ಚಿಕೊಂಡಿರುವ ಕಬ್ಬಿಣದ ಡ್ರಮ್ಮು ಬಿಚ್ಚಬೇಕು. ಚಕ್ರವೇನೋ ಬಂತು. ಡ್ರಮ್ಮು ಬರಲಿಲ್ಲ. ಅದರ ನಡುವಿನ ಹಬ್, ತುದಿಯಲ್ಲಿ ಸಣ್ಣಗಾಗುವ ಆಕ್ಸಲ್ ಮೇಲೆ ವರ್ಷಗಟ್ಟಲೆಯಿಂದ ಬಿಗಿದು ಕೂತಿತ್ತು. ಮಾವ ಸೀಮೆಎಣ್ಣೆ ಬಿಟ್ಟರು. ಹಂಡೆಯ ಬಿಸಿನೀರು ಹುಯ್ದರು. ಸುತ್ತಿಗೆಯಲ್ಲಿ ಬಡಿದರು. ನಮ್ಮತ್ತೆ ಊದುಬತ್ತಿ ಹಚ್ಚಿದರು. ಊಹೂಂ.

ಆ ಹಬ್ ಅನ್ನು ಮೂರು ಕಾಲಿನಲ್ಲಿ ಕಚ್ಚಿ, ನಡುವಿನ ಬೋಲ್ಟು ತಿರುಗಿಸಿದಂತೆ ಹೊರಕ್ಕೆಳೆಯುವ ಪುಲ್ಲರ್ ಬೇಕು. ಗ್ಯಾರೇಜಿನ ಪುಲ್ಲರುಗಳು ಈ ಮುದುಕನ ಅಳತೆಗೆ ಕೂರಲಿಲ್ಲ. ಇದಕ್ಕೆಂದೇ ಮಾಡಿದ್ದು ಎಲ್ಲಿದೆ? ಓಲ್ಡ್ ಟೌನಿನ ಆ ಟೂಲ್ ಬಾಕ್ಸಿನಲ್ಲಿ!

"ನೀವೇ ಹೋಗಿ ಬನ್ನಿ ಅಳಿಯಂದ್ರೇ. ನಾನು ಕಳಿಸಿದೆ ಅಂತ ಹೇಳ್ಬೇಡಿ" ಎಂದರು ಮಾವ.

ಶನಿವಾರ ಬಸ್ಸು ಹತ್ತಿ ಹೋದೆ. ಕಾರಿಲ್ಲದ ಹಾಲಪ್ಪನವರು ಮಂಚದ ಕೆಳಗಿಂದ ಪೆಟ್ಟಿಗೆ ಎಳೆದು ತೆರೆದರು. ಒಂದೊಂದು ಸ್ಪ್ಯಾನರೂ ಎಣ್ಣೆ ಒರೆಸಿ ಫಳಫಳ.

"ಅವನು ಕಳಿಸಿದ್ನಾ?"

"ಇಲ್ಲ" ಎಂದೆ.

"ಕಳಿಸಿರ್ತಾನೆ. ಪುಲ್ಲರ್ ಕೊಡಲ್ಲ. ಥ್ರೆಡ್ ಹಾಳು ಮಾಡ್ತಾನೆ. ನಾಳೆ ನಾನೇ ಬಂದು ಬಿಚ್ತೀನಿ. ಆದ್ರೆ ಅವನ ಹತ್ರ ಮಾತಾಡಲ್ಲ."

ಒಳಗಿನ ಕೋಣೆಯಿಂದ ಪಾರ್ವತಮ್ಮನವರ ದನಿ ಬಂತು: "ಪೆಟ್ಟಿಗೆ ಭಾರ ಇದೆ. ಒಂದು ಕಡೆ ಹಿಡ್ಕೊಳ್ಳೋಕೆ ನಾನೂ ಬರ್ತೀನಿ."

ಅವರು ಆಗಲೇ ಟ್ರಂಕಿನಿಂದ ಸೀರೆ ತೆಗೆಯುತ್ತಿದ್ದರು.

ಭಾನುವಾರ ಬೆಳಗ್ಗೆ ಶೆಡ್ಡಿನಲ್ಲಿ ನನ್ನ ಉದ್ಯೋಗ ಶುರುವಾಯಿತು. ಹಾಲಪ್ಪನವರು ನನ್ನ ಕಡೆ ತಿರುಗಿ, "ಅಳಿಯಂದ್ರೇ, ಆಕ್ಸಲ್ ನಟ್ಟು ಪೂರ್ತಿ ತೆಗೀಬೇಡಿ ಅಂತ ಕಾರಿನವರಿಗೆ ಹೇಳಿ. ತುದೀಲಿ ಇರ್ಲಿ. ಇಲ್ದಿದ್ರೆ ಡ್ರಮ್ಮು ಹಾರಿ ಎದೆಗೆ ಬಡಿಯುತ್ತೆ" ಎಂದರು.

ಮಾವ ಮೂರಡಿ ದೂರದಲ್ಲಿದ್ದರು. "ನನ್ನೆದೆ ಗಟ್ಟಿ ಇದೆ ಅಂತ ಪೆಟ್ಟಿಗೆಯವರಿಗೆ ಹೇಳಿ."

"ತಲೇನೂ ಗಟ್ಟಿ ಇದೆ, ಗೊತ್ತು ಅಂತ ಹೇಳಿ."

ನಾನು ಅದನ್ನು "ಎಚ್ಚರವಾಗಿರಬೇಕಂತೆ ಮಾವ" ಎಂದು ಅನುವಾದಿಸಿದೆ. ಅನುವಾದಕರು ಏಕೆ ಕೆಲವು ಸಾಲು ಬಿಡುತ್ತಾರೆಂದು ಆವತ್ತು ತಿಳಿಯಿತು.

ನಟ್ಟು ತುದಿಯಲ್ಲೇ ಉಳಿಯಿತು. ಪುಲ್ಲರ್ ಕೂತಿತು. ಬೋಲ್ಟು ಬಿಗಿದು ಅದರ ತಲೆಗೆ ಸುತ್ತಿಗೆಯ ಒಂದೇಟು. ಮತ್ತೆ ಬಿಗಿ. ಮತ್ತೆ ಏಟು. ಡ್ರಮ್ಮು ಮಿಸುಕಲಿಲ್ಲ. ಹೆಂಗಸರು ಊಟಕ್ಕೆ ಕರೆದರು. "ಬಿಗಿದು ಹಾಗೇ ಬಿಡೋಣ, ಅದಕ್ಕೇ ಬುದ್ಧಿ ಬರುತ್ತೆ" ಎಂದರು ಹಾಲಪ್ಪನವರು, ಗೋಡೆಗೆ.

ಊಟಕ್ಕೂ ಒಬ್ಬರು ಆ ತುದಿ, ಒಬ್ಬರು ಈ ತುದಿ. ನಡುವೆ ನಾನು. ರೊಟ್ಟಿ, ಎಣಗಾಯಿ. ಪಾರ್ವತಮ್ಮ ತಮ್ಮನ ಎಲೆಗೆ ತುಪ್ಪ ಬಡಿಸುವಾಗ ಮಾತ್ರ ಕೈ ಒಂದಿಷ್ಟು ಹೆಚ್ಚು ಹೊತ್ತು ನಿಂತಿತು.

ಆಗ ಶೆಡ್ಡಿನಿಂದ ಢಮ್ ಎಂದು ಸದ್ದು! ಬಂದೂಕು ಹಾರಿದ ಹಾಗೆ.

ಇಬ್ಬರೂ ಎಂಜಲು ಕೈಯಲ್ಲೇ ಎದ್ದು ಓಡಿದರು. ಹಿಂದೆ ನಾನು. ಡ್ರಮ್ಮು ಮುಂದಕ್ಕೆ ಜಿಗಿದು ನಟ್ಟಿಗೆ ತಗುಲಿ ನಿಂತಿತ್ತು.

"ಭಾವಾ, ಬಿಡ್ತು!" ಎಂದು ಕೂಗಿದರು ಮಾವ.

"ನಾನು ಹೇಳ್ಲಿಲ್ವೇನೋ ಮಾರಾಯ!" ಎಂದು ಮಾವನ ಬೆನ್ನಿಗೊಂದು ಬಾರಿಸಿದರು ಹಾಲಪ್ಪನವರು. ಬಿಳಿ ಅಂಗಿಯ ಮೇಲೆ ಎಣಗಾಯಿಯ ಐದು ಬೆರಳು.

ಆಮೇಲೆ ಇಬ್ಬರಿಗೂ ಹೊಳೆಯಿತು, ಮಾತಾಡಿಬಿಟ್ಟೆವೆಂದು. ಬಾಗಿಲಲ್ಲಿ ಪಾರ್ವತಮ್ಮ ಸೆರಗು ಬಾಯಿಗೊತ್ತಿಕೊಂಡಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಕೊನೆಗೆ ಮಾವನೇ ನಟ್ಟು ತೆಗೆದು ಎಳೆದರು. ಡ್ರಮ್ಮು ಬೆರಳಷ್ಟು ಬಂದು ಮತ್ತೆ ನಿಂತಿತು. ಹಾಲಪ್ಪನವರು ಕಾರಿನೊಳಗೆ ಇಣುಕಿದರು.

"ಲೋ, ಹ್ಯಾಂಡ್ ಬ್ರೇಕ್ ಎಳೆದೇ ಇದೆಯಲ್ಲೋ! ಒಳಗಿಂದ ಹಿಡ್ಕೊಂಡಿದೆ!"

"ನೀವು ನೋಡ್ಬೇಕಿತ್ತು!"

"ಕಾರು ನಿಂದು!"

"ಬಿಚ್ಚೋಕೆ ಬಂದೋರು ನೀವು!"

ನನ್ನನ್ನು ಯಾರೂ ಕೇಳಲಿಲ್ಲ. ಕೆಲಸ ಹೋಯಿತು. ಹ್ಯಾಂಡ್ ಬ್ರೇಕ್ ಸಡಿಲಿಸಿದ ಮೇಲೆ ಡ್ರಮ್ಮು ಮಗುವಿನಂತೆ ಕೈಗೆ ಬಂತು. ಒಳಗೆ ತುಂಡಾಗಿದ್ದದ್ದು, ಒತ್ತಿದ ಬ್ರೇಕನ್ನು ಹಿಂದಕ್ಕೆಳೆಯುವ ಒಂದು ಕಿರುಬೆರಳುದ್ದದ ಸ್ಪ್ರಿಂಗು! ಅದನ್ನು ಬದಲಿಸುವಷ್ಟರಲ್ಲಿ ಪೆಟ್ರೋಲಿನ ವಿಷಯವೂ ಬಂತು. ಸಂಜೆಯ ತನಕ ಜಗಳ, ಮುಖಕ್ಕೆ ಮುಖ ಕೊಟ್ಟು, ಕಾಫಿ ಕುಡಿಯುತ್ತ. ಪಾರ್ವತಮ್ಮನವರು ಆ ರಾತ್ರಿ ತವರಿನಲ್ಲೇ ಉಳಿದರು.

ಬರುವ ಭಾನುವಾರ ಬಲಗಡೆಯ ಡ್ರಮ್ಮನ್ನೂ ಬಿಚ್ಚುತ್ತಾರಂತೆ. ಅದು ಸರಿಯಾಗಿಯೇ ತಿರುಗುತ್ತಿದೆ ಎಂದು ಹೇಳುವವರು ಯಾರು?